ಬಾಯಿಂದ ನೋಡುವ ಮೊಲ

ಮಾರ್ಚ್ 4, ಬುಧವಾರ

ಇವತ್ತು ಇವರ ಮುಖದ ಅಳತೆ ತೆಗೆದುಕೊಂಡರು. ಆಸ್ಪತ್ರೆಯವರು ಅದನ್ನು ಮುಖವಾಡ ಎನ್ನುವುದಿಲ್ಲ, ಪ್ರೆಶರ್ ಮಾಸ್ಕ್ ಎನ್ನುತ್ತಾರೆ. ಸುಟ್ಟ ಚರ್ಮ ಗಂಟುಗಂಟಾಗಿ ಉಬ್ಬದಂತೆ ಬಿಗಿಯಾಗಿ ಒತ್ತಿ ಹಿಡಿಯುವ ಬಟ್ಟೆ. ಕಣ್ಣಿಗೆ, ಮೂಗಿಗೆ, ಬಾಯಿಗೆ ತೂತು. ಒಂದು ವರ್ಷವಾದರೂ ಹಾಕಿಕೊಂಡಿರಬೇಕಂತೆ. ಟೇಪು ಹಿಡಿದ ಹುಡುಗಿ ಕಿವಿಯಿಂದ ಗದ್ದಕ್ಕೆ, ಗದ್ದದಿಂದ ಹಣೆಗೆ ಎಂದು ಹೇಳಿ ಬರೆಸುತ್ತಿದ್ದಳು. ಬ್ಯಾಂಡೇಜು ಪೂರ್ತಿ ಬಿಚ್ಚಿದ್ದರು. ವಾರ್ಡಿನ ಕಿಟಕಿಯ ಚಿಲಕ ಸಡಿಲವಾಗಿ ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಕಾಗದ ಮಡಿಸಿ ಅದಕ್ಕೆ ಸಿಕ್ಕಿಸುತ್ತ ನಿಂತಿದ್ದೆ. ಯಾರಾದರೂ ಮಾಡಬೇಕಲ್ಲ.

"ಪಿಟೀಲು ಹೇಗಿದಾಳೆ?" ಎಂದರು. ಮಗಳು ಹುಟ್ಟಿದಾಗಿನಿಂದ ಒಂದೇ ಶ್ರುತಿಯಲ್ಲಿ ಕುಯ್ಯುತ್ತಾಳೆಂದು ಇವರೇ ಇಟ್ಟ ಹೆಸರು. ಕಂಪನಿಯ ಕೆಲಸಕ್ಕೆ ಹೋಗಿ ರಿಪೇರಿ ಮಾಡುವಾಗ ಲಿಫ್ಟಿನ ಕರೆಂಟಿನ ಪ್ಯಾನೆಲ್ ಇವರ ಮುಖಕ್ಕೆ ಸಿಡಿದ ದಿನದಿಂದ ಅವಳು ಅಪ್ಪನನ್ನು ಕಂಡಿಲ್ಲ. ಫೋನಿನಲ್ಲಿ ಮಾತಷ್ಟೆ.

"ಇನ್ನೊಂದು ತಿಂಗಳಿಗೆ ಮನೆಗೆ ಕಳಿಸ್ತಾರಂತೆ. ಆ ಮೊಲಕ್ಕೇ ಹಾಗೆ ಹೆದರಿದವಳು, ನನ್ನ ನೋಡಿ ಏನ್ಮಾಡ್ತಾಳೋ."

ನನ್ನ ಯೋಚನೆಯೂ ಅದೇ. ಕಳೆದ ವರ್ಷ ಪಾರ್ಕಿನಲ್ಲಿ ಮೊಲದ ವೇಷದವರು ಹಿಂದಿನಿಂದ ಬಂದು ತಬ್ಬಿಕೊಂಡಾಗ ಮಗು ಕಿರುಚಿ ಕಿರುಚಿ ಉಸಿರು ಕಟ್ಟಿ ನೀಲಿಯಾಗಿದ್ದಳು. ಬಟ್ಟೆ ಒದ್ದೆಯಾಗಿತ್ತು. ಅಂದಿನಿಂದ ಅಲ್ಲಾಡದ ಮುಖ ಕಂಡರೆ ಆಗದು. ಬಟ್ಟೆ ಅಂಗಡಿಯ ಬೊಂಬೆಯ ಮುಂದೆ ಹೋಗಬೇಕಾದರೂ ನನ್ನ ಸೆರಗಿನೊಳಗೆ ನುಸುಳುತ್ತಾಳೆ.

"ನಾನು ನೋಡ್ಕೋತೀನಿ. ನೀವು ಬರೋದ್ರೊಳಗೆ ಸರಿ ಮಾಡಿರ್ತೀನಿ" ಎಂದೆ, ಚಿಲಕ ಒತ್ತುತ್ತಲೇ.

ಮಾರ್ಚ್ 8, ಭಾನುವಾರ

ಪಾರ್ಕಿಗೆ ಕರೆದುಕೊಂಡು ಹೋಗಿ ಕೆಟ್ಟೆ. ಗೇಟಿನೊಳಗೆ ಕಾಲಿಟ್ಟಿದ್ದೇ ತಡ, ಕಾರಂಜಿಯ ಪಕ್ಕದಲ್ಲಿ ಅದೇ ಮೊಲ ಕೈಬೀಸುತ್ತ ನಿಂತಿತ್ತು. ಮಗು ನೆಲಕ್ಕೆ ಬಿದ್ದು ಬೆಳಿಗ್ಗೆ ಕುಡಿದ ಹಾಲೆಲ್ಲ ಕಕ್ಕಿಕೊಂಡಳು. "ನೋಡೇ, ಬೊಂಬೆ ಅದು, ಏನೂ ಮಾಡಲ್ಲ" ಎಂದು ರಟ್ಟೆ ಹಿಡಿದು ಎಳೆದೆ. ಸುತ್ತ ನಿಂತವರು ನನ್ನನ್ನೇ ರಾಕ್ಷಸಿಯಂತೆ ನೋಡಿದರು. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಬಂದೆವು.

ಇವರಿಗೆ ಫೋನಿನಲ್ಲಿ "ಪರವಾಗಿಲ್ಲ, ಶುರುವಾಗಿದೆ" ಎಂದಷ್ಟೇ ಹೇಳಿದೆ.

ಮಾರ್ಚ್ 11, ಬುಧವಾರ

ಮಗುವಿನ ಶಾಲೆಯಲ್ಲಿ ಒಬ್ಬ ಕೌನ್ಸೆಲರ್ ಇದ್ದಾರೆ. ವಾರಕ್ಕೊಮ್ಮೆ ಬರುತ್ತಾರೆ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ, ಮಕ್ಕಳ ಕುರ್ಚಿಯ ಮೇಲೆ ಮಂಡಿ ಎದೆಗೆ ತಾಗುವಂತೆ ಕುಳಿತು ಎಲ್ಲ ಹೇಳಿದೆ.

"ಎಳ್ಕೊಂಡು ಹೋಗ್ಬಾರ್ದಿತ್ತು" ಎಂದರು, ಬೈಯುವ ದನಿಯಲ್ಲಲ್ಲ. "ದೂರದಿಂದ ಶುರು ಮಾಡಿ. ಎಷ್ಟು ಹತ್ತಿರ ಅನ್ನೋದು ಅವಳೇ ಹೇಳ್ಲಿ. ಹೆದರ್ಬೇಡ ಅನ್ಬೇಡಿ, ಹೆದರಿಕೆ ಆಗ್ತಿದೆ ಅಲ್ವಾ ಅನ್ನಿ. ಸಾಕು ಅಂದ ತಕ್ಷಣ ವಾಪಸ್ ಬನ್ನಿ. ಆಗ ಅವಳಿಗೆ ಧೈರ್ಯ ಬರುತ್ತೆ. ಸಾಧ್ಯವಾದ್ರೆ ವೇಷ ಬಿಚ್ಚಿದ್ಮೇಲೆ ಒಳಗಿರೋರನ್ನ ಒಂದ್ಸಲ ತೋರಿಸಿ."

ಹೊರಡುವಾಗ "ನೀವು ಹೇಗಿದೀರಿ?" ಎಂದು ಕೇಳಿದರು. ನನಗೇನಾಗಿದೆ? ಸುಟ್ಟುಕೊಂಡವರು ಅವರು, ಹೆದರುವವಳು ಇವಳು. ನಡುವೆ ಓಡಾಡುವವಳಿಗೆ ಏನಾಗಬೇಕು.

ಮಧ್ಯಾಹ್ನ ನಾನು ಕೆಲಸ ಮಾಡುವ ಡೆಂಟಲ್ ಲ್ಯಾಬಿಗೆ ಹೋಗಿ ಬಾಕಿ ಉಳಿದಿದ್ದ ಕಟ್ಟುಹಲ್ಲಿನ ಸೆಟ್ಟುಗಳನ್ನು ಮುಗಿಸಿದೆ. ಪ್ಲಾಸ್ಟರಿನ ದವಡೆ ಕೈಯಲ್ಲಿ ಹಿಡಿದು ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದರೆ ಮನಸ್ಸು ತಣ್ಣಗಾಗುತ್ತದೆ. ಯಾರ ದವಡೆಯೋ, ಮುಖ ಇಲ್ಲ, ಹೆಸರಿಲ್ಲ.

ಮಾರ್ಚ್ 15, ಭಾನುವಾರ

ಈ ಸಲ ಒಳಗೆ ಹೋಗಲಿಲ್ಲ. ಬೇಲಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಮೊಲ ಬೆರಳುಗಾತ್ರ ಕಾಣುತ್ತಿತ್ತು. "ಹೆದರಿಕೆ ಆಗ್ತಿದೆ ಅಲ್ವಾ?" ಎಂದೆ. "ಹೂಂ" ಎಂದಳು. ಆದರೆ ಅಳಲಿಲ್ಲ. ಬಿಸ್ಕತ್ತು ತಿನ್ನುತ್ತ ನೋಡಿದಳು.

"ಅಮ್ಮ, ಅದಕ್ಕೆ ಕಣ್ಣು ಮುಚ್ಚೋಕೇ ಬರಲ್ವಾ?"

"ಬರಲ್ಲ. ಬೊಂಬೆ ಕಣ್ಣು."

"ಹಾಗಾದ್ರೆ ಯಾವಾಗ್ಲೂ ನನ್ನೇ ನೋಡ್ತಿರುತ್ತೆ."

ಇನ್ನೊಂದು ಬಿಸ್ಕತ್ತು ಅವಳ ಕೈಗಿಟ್ಟೆ. ಸಂಜೆ ಆಸ್ಪತ್ರೆಗೆ ಹೋದೆ. ಮಾಸ್ಕ್ ಬಂದಿದೆ, ಹಾಕಿದ್ದರು. ಹಣ್ಣು ಹೆಚ್ಚಿಕೊಟ್ಟು, ಒಗೆದ ಬಟ್ಟೆ ಜೋಡಿಸಿಟ್ಟು, ನರ್ಸಿನ ಬಳಿ ಮಾತ್ರೆಗಳನ್ನು ವಿಚಾರಿಸಿ ಬಂದೆ. ಬಹಳ ಕೆಲಸವಿತ್ತು.

ಮಾರ್ಚ್ 22, ಭಾನುವಾರ

ಒಳ್ಳೆಯ ದಿನ. ಪೂರ್ತಿ ಬರೆಯುತ್ತೇನೆ.

ಪಾರ್ಕಿನ ಮ್ಯಾನೇಜರಿಗೆ ಮೊದಲೇ ಫೋನು ಮಾಡಿ ಕಷ್ಟ ಹೇಳಿಕೊಂಡಿದ್ದೆ. ಕ್ಯಾಂಟೀನಿನ ಹಿಂದೆ, ನೀರಿನ ನಲ್ಲಿಯ ಬಳಿ ಬರಲು ಹೇಳಿದ್ದರು. ಹೋದರೆ ಅಲ್ಲಿ ಮೊಲದ ತಲೆ ಬಕೆಟ್ಟಿನ ಮೇಲೆ ಕುಳಿತಿತ್ತು. ಪಕ್ಕದಲ್ಲಿ ಕುತ್ತಿಗೆವರೆಗೆ ಮೊಲವಾಗಿದ್ದ ಒಬ್ಬ ಸಣಕಲು ಹೆಂಗಸು. ನನಗಿಂತ ದೊಡ್ಡವಳು. ಬೆವರಲ್ಲಿ ಮಿಂದು ಕೂದಲೆಲ್ಲ ಹಣೆಗಂಟಿತ್ತು. ಮಗು ದೂರದಲ್ಲೇ ನಿಂತಳು. ಮೊಲದಕ್ಕ ಹತ್ತಿರ ಕರೆಯಲೂ ಇಲ್ಲ, ನಗಲೂ ಇಲ್ಲ. ಕಾಲು ಚಾಚಿ "ಉಸ್ಸಪ್ಪಾ" ಎಂದು ನೀರು ಕುಡಿದಳು. ಅದೇ ಒಳ್ಳೆಯದಾಯಿತು.

"ನೀನಾ ಅದು?" ಎಂದಳು ಮಗು, ಬಹಳ ಹೊತ್ತಿನ ಮೇಲೆ.

"ಇನ್ಯಾರು? ನನ್ನ ಗ್ರಹಚಾರ ಹೊತ್ಕೊಳೋಕೆ ಬೇರೆಯವರು ಬರ್ತಾರಾ?"

"ನಿನ್ನ ಕಣ್ಣು ದೊಡ್ಡದು."

"ಆ ಕಣ್ಣಿಂದ ಏನೂ ಕಾಣಲ್ಲ ಕಣಮ್ಮ. ಬರೀ ಗಾಜು. ನಾನು ಬಾಯಿಂದ ನೋಡೋದು. ಇಲ್ನೋಡು, ಬಾಯೊಳಗೆ ಜಾಲರಿ ಇದೆ. ಅಲ್ಲಿಂದ ನಂಗೆ ಮಕ್ಕಳ ಕಾಲಷ್ಟೇ ಕಾಣೋದು. ಯಾರು ಒದೀತಾರೋ, ಯಾರು ಬಾಲ ಎಳೀತಾರೋ ಗೊತ್ತಾಗಲ್ಲ. ದಿನಾ ಪ್ರಾಣ ಕೈಲಿ ಹಿಡ್ಕೊಂಡಿರ್ತೀನಿ."

"ನಿಂಗೂ ಹೆದರಿಕೇನಾ?"

"ಮತ್ತೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ."

"ನೀನು ಮೊಲ ಅಲ್ವಾ?"

ಮೊಲದಕ್ಕ ಬಿದ್ದು ಬಿದ್ದು ನಕ್ಕಳು. ಮಗುವೂ. ಬಸ್ಸಿನಲ್ಲಿ ದಾರಿಯುದ್ದಕ್ಕೂ "ಬಾಯಿಂದ ನೋಡೋದಂತೆ" ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು. ಕೈಬೆರಳನ್ನು ಜಾಲರಿ ಮಾಡಿ ಬಾಯಿಗಿಟ್ಟುಕೊಂಡು ನನ್ನ ಚಪ್ಪಲಿ ನೋಡಿದಳು.

ಮಾರ್ಚ್ 29, ಭಾನುವಾರ

ಇವತ್ತು ತಲೆ ಹಾಕಿಕೊಂಡ ಮೊಲದ ಕೈ ಮುಟ್ಟಿದಳು. ತಾನಾಗಿ. "ಇನ್ನು ಅಪ್ಪ ಬರಬಹುದಾ?" ಎಂದಳು. ಅಪ್ಪನ ಮುಖಕ್ಕೂ ಬಟ್ಟೆ ಕಟ್ಟಿದ್ದಾರೆಂದು ಮೊನ್ನೆ ಹೇಳಿದ್ದೆ.

ಆತುರ ಬೇಡ. ಮೊಲದ ಕೈ ಬೇರೆ, ಇದು ಬೇರೆ. ಅದು ಸಂಜೆ ಮನೆಗೆ ಹೋಗುತ್ತದೆ, ಇದು ಮನೆಯಲ್ಲೇ ಇರುತ್ತದೆ. ಶುಕ್ರವಾರ ಡಿಸ್ಚಾರ್ಜ್. ಇವರ ಅಕ್ಕನಿಗೆ ಫೋನು ಮಾಡಿ, ಕೆಲವು ದಿನ ಇವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವಂತೆ ಕೇಳಿಕೊಂಡೆ. "ಮಗೂಗೋಸ್ಕರ ಅಕ್ಕ" ಎಂದೆ. ಅವರು "ಆಯ್ತು" ಎಂದರು.

ಏಪ್ರಿಲ್ 3, ಶುಕ್ರವಾರ

ಆಸ್ಪತ್ರೆಯಿಂದ ನೇರ ಅಕ್ಕನ ಮನೆಗೆ ಬಿಟ್ಟೆ. ಆಟೋದಲ್ಲಿ ನಾನು ಮುಂದೆ ಡ್ರೈವರನ ಪಕ್ಕ ಕುಳಿತೆ. ಹಿಂದೆ ಸಾಮಾನು ಇತ್ತು. ಇವರು ಇಳಿಯುವಾಗ "ಎರಡು ವಾರ ಸಾಕಲ್ವಾ?" ಎಂದರು. ಸಾಕು ಎಂದೆ.

ಏಪ್ರಿಲ್ 12, ಭಾನುವಾರ

ಮೊಲದಕ್ಕ ಮಗುವಿನ ತಲೆಗೆ ಮೊಲದ ತಲೆ ಇಟ್ಟಳು. ಕೈಯಿಂದ ಎತ್ತಿ ಹಿಡಿದುಕೊಂಡೇ ಇದ್ದಳು, ಭಾರ ಬೀಳದಂತೆ. ಒಳಗಿನಿಂದ "ಅಮ್ಮಾ, ನೀನು ಕಾಣ್ತಾನೇ ಇಲ್ಲ! ಕಾಲು ಮಾತ್ರ ಇದೆ!" ಎಂದು ಕೂಗಿ ನಕ್ಕಳು. ಮೊಲದಕ್ಕ "ಇನ್ನೇನಮ್ಮಾ, ನಿನ್ ಮಗಳು ಪಾಸು" ಎಂದಳು.

ನಕ್ಕದ್ದು ನಿಜ. ಆದರೆ ತಲೆ ತೆಗೆದಾಗ ಅವಳ ಹಣೆಯೆಲ್ಲ ಬೆವತಿತ್ತು. ನಾನು ಗಮನಿಸಿದೆ. ಸೆಕೆಗೆ ಎಂದಳು ಮೊಲದಕ್ಕ. ತಾಯಿಗೆ ತಿಳಿಯದೆ? ಇನ್ನೂ ಅಭ್ಯಾಸ ಬೇಕು.

ಏಪ್ರಿಲ್ 15, ಬುಧವಾರ

ಶಾಲೆಯ ಬೇಸಿಗೆ ಶಿಬಿರಕ್ಕೂ ಕೌನ್ಸೆಲರ್ ಬರುತ್ತಾರೆ; ಅಪ್ಪನ ಈಗಿನ ಫೋಟೋ ಒಂದನ್ನು ಮಗುವಿಗೆ ತೋರಿಸಿ ಎಂದರು. ಸಂಜೆ ಅಕ್ಕನ ಮನೆಗೆ ಇವರ ಊಟದ ಡಬ್ಬಿ ಕೊಡಲು ಹೋಗಿದ್ದೆ, ಫೋಟೋ ತೆಗೆಯುವುದು ಮರೆತುಹೋಯಿತು. ಬಾಗಿಲಲ್ಲೇ ಕೊಟ್ಟು ಬಂದೆ. ಬಸ್ಸಿಗೆ ಹೊತ್ತಾಗಿತ್ತು.

ಏಪ್ರಿಲ್ 19, ಭಾನುವಾರ

ಪಾರ್ಕು. ಮಗು ಮೊಲದ ಜೊತೆ ಕುಣಿದಳು. ಅಲ್ಲಿ ಇನ್ನೂ ಕರಡಿ ವೇಷ ಒಂದು ಬಾಕಿ ಇದೆ. ಅದನ್ನೂ ಅಭ್ಯಾಸ ಮಾಡಿಸಬೇಕು.

ಏಪ್ರಿಲ್ 21, ಮಂಗಳವಾರ

ಲ್ಯಾಬಿನಲ್ಲಿ ಕೆಲಸ. ಡಬ್ಬಿ ಕಳಿಸಲಾಗಲಿಲ್ಲ.

ಏಪ್ರಿಲ್ 24, ಶುಕ್ರವಾರ

ಕೆಲಸ.

ಏಪ್ರಿಲ್ 29, ಬುಧವಾರ

ಕೌನ್ಸೆಲರ್ ಕರೆಸಿದ್ದರು. "ಮಗು ಚೆನ್ನಾಗಿದಾಳೆ. ಅಪ್ಪ ಯಾಕೆ ಬರ್ತಿಲ್ಲ ಅಂತ ನನ್ನನ್ನ ಕೇಳಿದ್ಲು. ಇನ್ನು ತಡ ಮಾಡಿದ್ರೆ ಅದೇ ಅವಳಿಗೆ ಹೊಸ ಹೆದರಿಕೆ ಆಗುತ್ತೆ."

"ನಿದ್ದೆಯಲ್ಲಿ ಕಿರುಚ್ಕೊಂಡು ಏಳ್ತಾಳೆ ಮೇಡಂ" ಎಂದೆ.

ಎದ್ದವಳು ನಾನು. ಆದರೆ ಒಂದೇ ಹಾಸಿಗೆ, ಅವಳಿಗೂ ಎಚ್ಚರವಾಗಿರಬಹುದು. ಆ ಕನಸು ಬರೆಯಲಾರೆ. ಇವರ ಮುಖಕ್ಕೆ ಬಟ್ಟೆ ಇತ್ತು, ಬಿಚ್ಚಿದರೆ ಒಳಗೆ ಇನ್ನೊಂದು ಬಟ್ಟೆ.

ಕೌನ್ಸೆಲರ್ ನನ್ನನ್ನೇ ನೋಡುತ್ತಿದ್ದರು. "ನಿಮ್ಮ ಜೊತೇನೂ ಒಂದ್ಸಲ ಮಾತಾಡ್ಬೇಕು, ಮಗು ಬಿಟ್ಟು" ಎಂದರು. ಮುಂದಿನ ವಾರ ಎಂದು ಹೇಳಿ ಎದ್ದೆ. ರಾತ್ರಿ ಅಕ್ಕ ಫೋನು ಮಾಡಿ "ಕೆಲವರಿಗೆ ಮಗು ಒಂದು ನೆಪ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ನಾನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಲಿ? ಫೋನು ಇಟ್ಟೆ.

ಮೇ 4, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಶಿಬಿರ ಬಿಡುವ ಹೊತ್ತಿಗೆ ಶಾಲೆಗೆ ಹೋದರೆ ಮಗು ಇಲ್ಲ. "ಅವರತ್ತೆ ಬಂದು ಕರ್ಕೊಂಡು ಹೋದ್ರಲ್ಲ" ಎಂದಳು ಆಯಾ. ಅಕ್ಕನ ಮನೆಗೆ ಓಡಿದೆ. ಏದುಸಿರು ಬಿಡುತ್ತ ಬಾಗಿಲು ತಳ್ಳಿದರೆ ಮಗು ಇವರ ತೊಡೆಯ ಮೇಲೆ ಕುಳಿತಿದ್ದಳು. ಎರಡೂ ಕೈಯಿಂದ ಇವರ ಕೆನ್ನೆ ಹಿಡಿದು ತೂತಿನೊಳಗೆ ಇಣುಕುತ್ತಿದ್ದಳು.

"ಅಪ್ಪ, ನೀನು ಬಾಯಿಂದ ನೋಡ್ತೀಯಾ, ಕಣ್ಣಿಂದಾನಾ?"

"ಕಣ್ಣಿಂದಾನೇ ಪುಟ್ಟಾ."

"ನಾನು ಪೂರ್ತಿ ಕಾಣ್ತೀನಾ?"

"ಪೂರ್ತಿ ಕಾಣ್ತೀಯ."

ನಾನು ಹೋಗಿ ಮಗುವನ್ನು ಎತ್ತಿಕೊಂಡೆ. ಅಕ್ಕ ಅಡ್ಡ ಬಂದರು. "ಏನಾಗಿದೆ ನಿಂಗೆ? ಅವಳು ಅತ್ಲಾ? ಕಿರುಚಿದ್ಲಾ? ಬಂದವಳೇ ಹೋಗಿ ಕೂತ್ಕೊಂಡ್ಲು." ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ, ಎರಡು ತಿಂಗಳ ಶ್ರಮಕ್ಕೆ ಬೆಲೆ ಇಲ್ಲ ಎಂದು ನಾನೂ ಬಾಯಿಗೆ ಬಂದದ್ದು ಅಂದೆ. ಮಗು ಬಸ್ಸಿನಲ್ಲಿ ಒಂದೇ ಸಮ ಅತ್ತಳು. ಮನೆಗೆ ಬಂದರೂ ನಿಲ್ಲಲಿಲ್ಲ. "ಅಪ್ಪಾ, ಅಪ್ಪಾ" ಎಂದು ಅದೇ ಶ್ರುತಿ. ಹೆದರಿದ್ದಾಳೆ ಎಂದು ನಾನು ಹೇಳಿದ್ದು ಸುಳ್ಳೇ?

ಮೇ 10, ಭಾನುವಾರ

ಪಾರ್ಕಿಗೆ ಬರುವುದಿಲ್ಲ ಎಂದಳು. "ಹೆದರಿಕೇನಾ?" ಎಂದೆ. "ಬೇಜಾರು" ಎಂದಳು. ಗೋಡೆ ಕಡೆ ತಿರುಗಿ ಮಲಗಿದಳು.

ಮೇ 17, ಭಾನುವಾರ

ಮಗು ನನ್ನ ಜೊತೆ ಹೆಚ್ಚು ಮಾತಾಡುತ್ತಿಲ್ಲ. ಕುಯ್ಯುವುದನ್ನೂ ನಿಲ್ಲಿಸಿದ್ದಾಳೆ. ಮನೆ ನಿಶ್ಶಬ್ದ. ಇವರ ಫೋನೂ ಇಲ್ಲ.

ಮೇ 27, ಬುಧವಾರ

ಇವರ ಫೋನು ಬಂತು, ಲ್ಯಾಬಿನಲ್ಲಿದ್ದಾಗ. ಹೊರಗೆ ಮೆಟ್ಟಿಲ ಮೇಲೆ ನಿಂತು ಮಾತಾಡಿದೆ.

"ಕಂಪನಿಯವರು ಬೇರೆ ಊರಲ್ಲಿ ಗೋಡೌನ್ ಕೆಲಸ ಕೊಟ್ಟಿದಾರೆ. ಸಾಮಾನು ಒಳಗೆ ಬಂತಾ, ಹೊರಗೆ ಹೋಯ್ತಾ ಬರ್ಕೊಳೋದು. ಜನ ಬರೋ ಜಾಗ ಅಲ್ಲ. ಹಿಂದೆ ಒಂದು ರೂಮಿದೆ. ಒಪ್ಕೊಂಡೆ."

"ಒಂದು ಮಾತು ಕೇಳ್ಬಾರ್ದಾ?"

"ಕೇಳೋಣ ಅಂತಿದ್ದೆ. ನೀನು ನನ್ನ ಕಡೆ ತಿರುಗಿದ್ರೆ ಕೇಳೋಣ ಅಂತ. ಬೈತಿಲ್ಲ ಕಣೆ. ಕನ್ನಡಿ ಮುಂದೆ ನಿಲ್ಲೋಕೆ ನಂಗೇ ಆಗ್ಲಿಲ್ಲ ಎಷ್ಟೋ ದಿನ. ನೀನು ಕಷ್ಟಪಡೋದನ್ನ ನಾನು ನೋಡ್ತಾ ಕೂರೋದು ಬೇಡ, ಅಷ್ಟೆ."

ಏನು ಮಾತು ಇದು! ದಿನ ತಪ್ಪದೆ ಆಸ್ಪತ್ರೆಗೆ ಅಲೆದವಳು ನಾನು. ಒಳಗೆ ಬಂದು ಮತ್ತೆ ಕೆಲಸಕ್ಕೆ ಕುಳಿತೆ. ಎಂದೋ ಮಾಡಿಕೊಟ್ಟ ಸೆಟ್ಟು ರಿಪೇರಿಗೆ ಬಂದರೂ ಇದು ಇಂಥ ದವಡೆಯದು, ಎಡಗಡೆ ಅಗಿಯುವುದು ಜಾಸ್ತಿ ಎಂದು ಹೇಳಬಲ್ಲೆ. ಇವರ ಮಾಸ್ಕಿನ ಹೊಲಿಗೆ ಎಲ್ಲಿದೆ? ಪಟ್ಟಿ ಹಿಂದೆಯೋ ಪಕ್ಕಕ್ಕೋ? ಬಣ್ಣ ಕಂದೋ ಬಿಳಿಯೋ? ನೆನಪಾಗಲಿಲ್ಲ. ಕೆಲಸದ ಒತ್ತಡ. ಮೇಣ ಕೈ ಮೇಲೆ ಬಿದ್ದು ಬೊಬ್ಬೆ ಬಂದಿದೆ.

ಜೂನ್ 7, ಭಾನುವಾರ

ಇವರನ್ನು ಬಸ್ಸು ಹತ್ತಿಸಿ ಬಂದೆವು. ಮಗು ಬರುತ್ತೇನೆಂದು ಹಟ ಹಿಡಿದಳು, ಬೇಡವೆನ್ನಲಿಲ್ಲ.

ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಮೂವರೂ ಕುಳಿತಿದ್ದೆವು. ಮಗು ನಡುವೆ. ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು, ಅವಳ ಪುಟ್ಟ ಮಗ. ಹುಡುಗ ಇವರನ್ನು ತೋರಿಸಿ "ಅದೇನಮ್ಮ?" ಎಂದ. ಸುಮ್ಮನೆ ಕೇಳಿದ, ಹಕ್ಕಿ ತೋರಿಸಿ ಕೇಳುವ ಹಾಗೆ. ಅವಳು ಗಬಕ್ಕನೆ ಅವನ ಮುಖವನ್ನು ತನ್ನ ಮಡಿಲಿಗೆ ಒತ್ತಿಕೊಂಡು, "ನೋಡ್ಬೇಡ, ಹೆದರ್ಕೋತೀಯ" ಎನ್ನುತ್ತ ತಾನು ಪೂರ್ತಿ ಆಚೆ ತಿರುಗಿ ಕುಳಿತಳು. ಮೈ ಉರಿಯಿತು. ಎಂಥ ತಾಯಿ! ಹುಡುಗನಿಗೆ ಹೆದರಿಕೆಯೇ ಇರಲಿಲ್ಲ. ಹೆದರಿದ್ದು ಅವಳು. ಮಗುವನ್ನು ಗುರಾಣಿಯಾಗಿ ಹಿಡಿದುಕೊಂಡಿದ್ದಳು.

ಇಷ್ಟು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ.

ಇವರಿಗೆ ಬೇಸರವಾಯಿತೇನೋ ಎಂದು ಮುಖ ನೋಡಿದೆ. ಮಾಸ್ಕು ಕಂದು ಬಣ್ಣದ್ದು, ಒಗೆದು ಒಗೆದು ಮಾಸಿದೆ. ಹೊಲಿಗೆ ನೆತ್ತಿಯಿಂದ ಮೂಗಿನ ಮೇಲೆ ಇಳಿದು ಗದ್ದಕ್ಕೆ ಬರುತ್ತದೆ. ಪಟ್ಟಿ ಹಿಂದಕ್ಕೆ. ಎಡಗಣ್ಣಿನ ರೆಪ್ಪೆಗೂದಲು ಮತ್ತೆ ಹುಟ್ಟಿಲ್ಲ, ಬಲಗಣ್ಣಿನದು ಮೊಂಡಾಗಿ ಚಿಗುರಿದೆ. ತುಟಿಯ ಎಡತುದಿ ಕೆಳಕ್ಕೆ ಜಗ್ಗಿ ಒಂದು ಹಲ್ಲಿನ ಅಂಚು ಕಾಣುತ್ತದೆ. ಅಲ್ಲಿ ಎಂಜಲು ನಿಲ್ಲುತ್ತದೆ, ಕರವಸ್ತ್ರದಿಂದ ಆಗಾಗ ಒತ್ತಿಕೊಳ್ಳುತ್ತಾರೆ. ಚೆನ್ನಾಗಿಲ್ಲ. ಚೆನ್ನಾಗಿದೆ ಎಂದು ಇಲ್ಲಿ ಬರೆದು ಯಾರನ್ನು ಮೆಚ್ಚಿಸಬೇಕು? ಬ್ಯಾಗಿನ ಜಿಪ್ಪಿನ ಕಡೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ನೋಡುತ್ತಲೇ ಇದ್ದೆ. ಇವರೂ ನೋಡಿದರು. ಆಮೇಲೆ ಕಣ್ಣು ತಪ್ಪಿಸಿದವರು ಇವರೇ.

"ಮಲಗೋವಾಗ್ಲೂ ಹಾಕ್ಕೋತೀಯಾ ಅಪ್ಪ?" ಎಂದಳು ಮಗು.

"ಹೂಂ. ಸಂಜೆ ಒಂದು ಗಂಟೆ ತೆಗೀತೀನಿ. ಒಗೀಬೇಕು, ಮುಲಾಮು ಹಚ್ಕೋಬೇಕು."

"ಆಗ ಯಾರಿರ್ತಾರೆ?"

"ಯಾರೂ ಇರಲ್ಲ. ಬಾಗಿಲು ಹಾಕ್ಕೋತೀನಿ."

ಬಸ್ಸು ಬಂತು. ಇವರು ಜನರಿರುವ ಕಡೆಯ ಕಿಟಕಿ ಬಿಟ್ಟು ಆಚೆ ಬದಿಗೆ ಹೋಗಿ ಕುಳಿತರು. ಮಗು ಕೈ ಕೊಸರಿಕೊಂಡು ಬಸ್ಸಿನ ಹಿಂದಿನಿಂದ ಸುತ್ತಿ ಓಡಿದಳು. ಅವಳ ಹಿಂದೆ ನಾನು. ಅಲ್ಲಿ ಎಣ್ಣೆ, ಕೆಸರು, ಹೊಗೆ. ಕಿಟಕಿ ಎತ್ತರದಲ್ಲಿತ್ತು. ಕೈ ಎಟುಕಿಸಿ ಗಾಜು ಬಡಿದೆ. ಇವರು ಸರಿಸಿದರು.

"ಶನಿವಾರ ಬರ್ತೀವಿ, ಇಬ್ರೂ" ಎಂದು ಕೂಗಿದೆ. ಎಂಜಿನ್ನು ಶುರುವಾಗಿತ್ತು. "ಸಂಜೆ ಹೊತ್ತಿಗೆ ಬರ್ತೀವಿ. ಬಾಗಿಲು ಹಾಕ್ಕೋಬೇಡಿ."

ಇವರು ಏನೋ ಹೇಳಿದರು, ಅಥವಾ ತುಟಿ ಒರೆಸಿಕೊಂಡರು. ಬಸ್ಸು ಹೊರಟಿತು.

"ಅಪ್ಪಂಗೆ ಕೇಳಿಸ್ತಾ?" ಎಂದಳು ಮಗು.

"ಗೊತ್ತಿಲ್ಲ" ಎಂದೆ.

ಲ್ಯಾಬಿನ ಯಜಮಾನರಿಗೆ ಫೋನು ಮಾಡಿ ರಜೆ ಕೇಳಿದ್ದೇನೆ. ಶನಿವಾರ ಎಂದು ಬರೆಯುವಾಗಲೇ ಅಕ್ಷರ ಸೊಟ್ಟಗಾಗುತ್ತಿದೆ. ಹೋಗುತ್ತೇವೆ.